ಮುಳ್ಳಿನ ನೆವ

ರಾಜಾ ರವಿವರ್ಮನ (1848–1906) ಶಕುಂತಲೆಯ ಪಟ ನೋಡದವರು ನಮ್ಮಲ್ಲಿ ವಿರಳ. 1894ರಲ್ಲಿ ಮುಂಬಯಿಯಲ್ಲಿ ಆತ ತೆರೆದ ಅಚ್ಚುಕೂಟದಿಂದ ಹೊರಟ ಲಕ್ಷ್ಮಿ, ಸರಸ್ವತಿಯರು ದೇವರ ಕೋಣೆ ಸೇರಿದರು. ಶಕುಂತಲೆ ಪಡಸಾಲೆಯ ಗೋಡೆಗೆ ಬಂದಳು. ಕಾಲಿನ ಮುಳ್ಳು ತೆಗೆಯುತ್ತ ಹಿಂದಿರುಗಿ ನೋಡುವವಳು. “ಎಷ್ಟು ಚೆಂದ!” ಅಂದು ಮುಂದೆ ಹೋಗುವುದು ನಮ್ಮ ರೂಢಿ. ತುಸು ನಿಂತು ನೋಡೋಣ.

ಒಂದು ಕೈ ಸಖಿಯ ಹೆಗಲ ಮೇಲೆ, ಇನ್ನೊಂದು ಎತ್ತಿದ ಪಾದದ ಕಡೆಗೆ. ನಮ್ಮ ಕಣ್ಣೂ ಮೊದಲು ಪಾದಕ್ಕೇ ಹೋಗುತ್ತದೆ. ಅಲ್ಲಿ ಮುಳ್ಳು ಕಾಣುವುದಿಲ್ಲ. ಮೇಲೆ ಮುಖಕ್ಕೆ ಬಂದರೆ ಅವಳ ದೃಷ್ಟಿ ಪಾದದ ಮೇಲಿಲ್ಲ. ಆ ದೃಷ್ಟಿಯ ಬೆನ್ನು ಹತ್ತಿದರೆ ಚೌಕಟ್ಟೇ ಮುಗಿದುಹೋಗುತ್ತದೆ. ದುಷ್ಯಂತ ಚಿತ್ರದೊಳಗಿಲ್ಲ. ಜೊತೆಯವರ ನಡೆ ಮುಂದಕ್ಕೆ, ಇವಳ ಮನಸ್ಸು ಹಿಂದಕ್ಕೆ. ನಡುವೆ ನಿಂತುಹೋದ ಒಂದು ಹೆಜ್ಜೆ.

ಕಾಳಿದಾಸನ ನಾಟಕದಲ್ಲಿ ಇದು ದರ್ಭೆ ಚುಚ್ಚಿತೆಂಬ ನೆವ. ಹಾಗಾಗಿ ಈ ಚಿತ್ರದ ಸಂಕೇತವನ್ನು ಹೂವಿನಲ್ಲಿ, ಗಿಡಮರಗಳಲ್ಲಿ ಹುಡುಕಬೇಕಿಲ್ಲ. ಕಾಣದ ಆ ಮುಳ್ಳೇ ಸಂಕೇತ. ಹೆಣ್ಣಿಗೆ ನೋವಾಯಿತೆಂದರೆ ನಿಲ್ಲಗೊಡುತ್ತಾರೆ. ಆಸೆಯಾಯಿತೆಂದರೆ?

ಇದರ ಉತ್ತರ ನಮ್ಮ ಹೂಲಿಗೆ ದೂರದ್ದಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲೇ ಇದೆ. ನೀರಿಗೆ ಹೋದ ರೇಣುಕೆ, ರಾಣಿಯರೊಡನೆ ನೀರಾಟವಾಡುವ ಅರಸನನ್ನು ಕಂಡು ಗಳಿಗೆಹೊತ್ತು ಮೈಮರೆತಳು. ಜಮದಗ್ನಿ ಆಡಿದ ಮಾತಿಗೆ ಮಗ ಪರಶುರಾಮನೇ ಕೊಡಲಿ ಎತ್ತಿದ. ಒಂದು ನೋಟಕ್ಕೆ ಒಂದು ತಲೆ! ಅವಳಿಗೆ ಮುಳ್ಳಿನ ನೆವ ಹೊಳೆಯಲಿಲ್ಲ. ಅದೇ ತಾಯಿಗೆ ಇಂದು ನಾವು ಉಧೋ ಉಧೋ ಅನ್ನುತ್ತೇವೆ. ಈ ಕಥೆ ಗೊತ್ತಿದ್ದವರಿಗೆ ಶಕುಂತಲೆಯ ಸುಳ್ಳು ಬರೀ ಬೆಡಗಾಗಿ ಕಾಣಲಾರದು.

ಚಿತ್ರಕಾರನ ಬಗ್ಗೆ ನನ್ನದೊಂದು ತಕರಾರೂ ಇದೆ. ಮಹಾಭಾರತದ ಶಕುಂತಲೆಗೆ ಉಂಗುರವೂ ಇಲ್ಲ, ಶಾಪದ ಕಥೆಯೂ ಇಲ್ಲ. ಮಗನ ಕೈಹಿಡಿದು ತುಂಬಿದ ಸಭೆಗೆ ಬಂದು ರಾಜನಿಗೆ ಎದುರು ನಿಂತು ಮಾತಾಡಿದವಳು ಆಕೆ. ನಮ್ಮ ಗೋಡೆಗೆ ಆ ಶಕುಂತಲೆ ಬರಲಿಲ್ಲ. ಮೈ ಬಳುಕಿಸಿ ನಿಂತವಳು ಬಂದಳು. ನೋಡುವವಳನ್ನೂ ನೋಡಿಸಿಕೊಳ್ಳುವವಳನ್ನಾಗಿ ಮಾಡಿದ್ದು ಆ ಬಳುಕು. ಆದರೂ ಅರಸನನ್ನು ಚೌಕಟ್ಟಿನ ಹೊರಗಿಟ್ಟು, ನೋಟವನ್ನು ಅವಳೊಬ್ಬಳಿಗೇ ಬಿಟ್ಟನಲ್ಲ, ಅಷ್ಟಕ್ಕೆ ರವಿವರ್ಮ ದೊಡ್ಡವನು.

ನಿಮ್ಮ ಮನೆಯಲ್ಲಿ ಆ ಪಟವಿದ್ದರೆ ಮಗಳಿಗೋ ಮೊಮ್ಮಗಳಿಗೋ ಕಥೆ ಹೇಳುವಾಗ ಮುಳ್ಳು ಚುಚ್ಚಿತ್ತು ಅನ್ನಬೇಡಿ. ನೋಡಬೇಕೆನಿಸಿತ್ತು, ಅದಕ್ಕೇ ನಿಂತಳು ಅನ್ನಿ.