ಹೆರಿಗೆ ವಾರ್ಡಿನ ಎರಡು ದರ

2023ರ ಕೊನೆಯಲ್ಲಿ ಮಂಡ್ಯ ಬಳಿಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. 2024ರ ಮೇ ತಿಂಗಳಲ್ಲಿ ಪಾಂಡವಪುರದ ಆರೋಗ್ಯ ಇಲಾಖೆ ವಸತಿಗೃಹದಲ್ಲೇ ಹೆಣ್ಣುಭ್ರೂಣ ಹತ್ಯೆಯ ಪ್ರಕರಣ ಸಿಕ್ಕಿಬಿತ್ತು. ಆರೋಗ್ಯ ಸೇವೆಯಲ್ಲಿದ್ದವರೇ ಬಂಧಿತರಾದರು. ಕಬ್ಬಿನ ಗದ್ದೆಯ ನಡುವಿನ ಆಲೆಮನೆಯನ್ನು ಪೊಲೀಸರು ಹುಡುಕಬೇಕಾಗುತ್ತದೆ, ಸರಿ. ಇಲಾಖೆಯ ವಸತಿಗೃಹಕ್ಕೆ ಆ ನೆಪವಿಲ್ಲ.

ಆರೋಗ್ಯ ಸೇವೆಯವರಿಗೆ ನೀತಿಯ ಪಾಠ ಇಲ್ಲವೆಂದಲ್ಲ. ನರ್ಸಿಂಗ್ ವಿದ್ಯಾರ್ಥಿಗಳು ದೀಪ ಹಿಡಿದು ಸ್ವೀಕರಿಸುವ ನೈಟಿಂಗೇಲ್ ಪ್ರತಿಜ್ಞೆ 1893ರದ್ದು. ಅಂತರರಾಷ್ಟ್ರೀಯ ದಾದಿಯರ ಮಂಡಳಿಯ ನೀತಿಸಂಹಿತೆ 1953ರಲ್ಲಿ ಬಂದು 2021ರಲ್ಲಿ ಪರಿಷ್ಕೃತವಾಗಿದೆ. ಸಹೋದ್ಯೋಗಿಯಿಂದ ರೋಗಿಗೆ ಅಪಾಯವಾಗುವಂತಿದ್ದರೆ ಕೈಕಟ್ಟಿ ಕೂರಬಾರದು ಎಂದು ಅದು ಹೇಳುತ್ತದೆ. ಒಳ್ಳೆಯ ಮಾತು. ಆದರೆ ನಮ್ಮಲ್ಲಿ ನೀತಿಯ ಪಾಠ ಪ್ರತಿಜ್ಞೆಯ ದಿನ ಶುರುವಾಗಿ, ವರ್ಷವರ್ಷದ ಮೇ 12ರ ದಾದಿಯರ ದಿನದ ಭಾಷಣದಲ್ಲಿ ಮುಗಿದುಹೋಗುತ್ತದೆ ಎಂಬುದೇ ನನ್ನ ತಕರಾರು.

ಹೆರಿಗೆ ವಾರ್ಡನ್ನೇ ನೋಡಿ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಪೂರ್ತಿ ಉಚಿತ. ಹಾಗಿದ್ದೂ ಮಗುವನ್ನು ತಂದು ತೋರಿಸುವಾಗ ಕೈ ಚಾಚುವ ರೂಢಿ ರಾಜ್ಯದ ಎಷ್ಟೋ ಕಡೆ ಉಳಿದಿದೆ. ಗಂಡಾದರೆ ಒಂದು ದರ, ಹೆಣ್ಣಾದರೆ ಅದಕ್ಕಿಂತ ಕಡಿಮೆ. ಲಂಚಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಈ ವ್ಯತ್ಯಾಸ. ಹೆಣ್ಣುಮಗುವಿನ ಬೆಲೆ ಕಡಿಮೆ ಎಂದು ಬಾಣಂತಿಗೆ ಆಸ್ಪತ್ರೆಯೇ ಹೇಳಿದಂತಾಯಿತಲ್ಲ! ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ ಎಂಬ ಫಲಕ ಅದೇ ಗೋಡೆಯ ಮೇಲೆ ತೂಗುತ್ತಿರುತ್ತದೆ.

ಈ ವಸೂಲಿಯನ್ನು ನಿಲ್ಲಿಸಬಲ್ಲವರು ನರ್ಸಿಂಗ್ ಸೂಪರಿಂಟೆಂಡೆಂಟ್ ಮತ್ತು ಹಿರಿಯ ಶುಶ್ರೂಷಾಧಿಕಾರಿಗಳು. ಯಾರಿಗೆ ಯಾವ ಪಾಳಿ ಎಂದು ಬರೆಯುವವರು ಅವರು, ರೌಂಡ್ಸ್‌ನಲ್ಲಿ ಬಾಣಂತಿಯ ಪಕ್ಕ ನಿಂತು "ಯಾರಾದರೂ ದುಡ್ಡು ಕೇಳಿದರಾ ತಾಯಿ?" ಎನ್ನಬಲ್ಲವರೂ ಅವರೇ. ದಿನವೂ ಆ ಪ್ರಶ್ನೆ ಬಂದರೆ ಕಿರಿಯ ಸಿಸ್ಟರ್‌ಗೂ ಬಾಯಿ ಬರುತ್ತದೆ. ದೂರು ಕೊಟ್ಟವಳಿಗೇ ಮರುವಾರ ರಾತ್ರಿಪಾಳಿ ಬಿದ್ದರೆ ಇಡೀ ವಾರ್ಡು ಮೌನ ಕಲಿಯುತ್ತದೆ.

ಎಲ್ಲ ಹೊಣೆಯನ್ನೂ ಅವರ ತಲೆಗೆ ಕಟ್ಟುವುದು ಅನ್ಯಾಯ. ಹೊರಗುತ್ತಿಗೆಯ ಸಿಬ್ಬಂದಿಗೆ ಸಂಬಳ ಕೊಡುವುದು ಏಜೆನ್ಸಿ. ವಾರ್ಡಿನ ಹಿರಿಯ ದಾದಿ ಗದರಬಹುದು, ತೆಗೆಯಲಾರಳು. ವಸತಿಗೃಹದ ಬೀಗದ ಕೈ ಅವಳ ಬಳಿ ಇರುವುದಿಲ್ಲ, ಆಡಳಿತ ವೈದ್ಯಾಧಿಕಾರಿಯ ಮಾತೇ ಅಲ್ಲಿ ಕೊನೆ. ಪಾಂಡವಪುರದ ಪ್ರಕರಣದ ನಂತರವಾದರೂ ಅದೇ ಜಿಲ್ಲೆಯ ಶ್ರೀರಂಗಪಟ್ಟಣ, ಕೆ.ಆರ್.ಪೇಟೆ, ನಾಗಮಂಗಲದ ತಾಲ್ಲೂಕು ಆಸ್ಪತ್ರೆಗಳಲ್ಲಿ ಶುಶ್ರೂಷಾ ಮುಖ್ಯಸ್ಥೆಗೆ ಹೊರಗುತ್ತಿಗೆಯವರ ಮೇಲೆ ಲಿಖಿತ ಅಧಿಕಾರ ಕೊಡಬೇಕು. ಅವಳು ಬರೆದ ದೂರು ವೈದ್ಯಾಧಿಕಾರಿಯ ಮೇಜಿನಲ್ಲೇ ಉಳಿಯದೆ ನೇರ ಜಿಲ್ಲಾ ಆರೋಗ್ಯಾಧಿಕಾರಿಗೆ ತಲುಪಬೇಕು.