ಸಿರಿ ಆಲಡೆ: ಸ್ವಾಸ್ಥ್ಯದ ಸಾಮುದಾಯಿಕ ನೆಲೆ

ತುಳುನಾಡಿನ ಸಿರಿಜಾತ್ರೆಯನ್ನು ಕುರಿತ ಬರಹಗಳಲ್ಲಿ ‘ಜನಪದ ಮನೋಚಿಕಿತ್ಸೆ’ ಎಂಬ ಮಾತು ಮತ್ತೆಮತ್ತೆ ಬರುತ್ತದೆ. ಈ ಮಾತು ಆಚರಣೆಗೆ ಆಧುನಿಕ ಮನ್ನಣೆಯನ್ನು ತಂದುಕೊಡುತ್ತದೆ. ಆದರೆ ಹೆಣ್ಣಿನ ಸಂಕಟವನ್ನು ರೋಗವೆಂದು ಮೊದಲೇ ನಿರ್ಣಯಿಸಿಬಿಡುತ್ತದೆ. ಸಿರಿಪಾಡ್ದನದ ದೃಷ್ಟಿ ಬೇರೆ. ಗೋಪಾಲ ನಾಯ್ಕರು ಹಾಡಿದ, ಲೌರಿ ಹಾಂಕೋ ಅವರ ತಂಡ 1990ರಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿದ 15,683 ಸಾಲುಗಳ ಪಠ್ಯದಲ್ಲಿ ಸಿರಿ ರೋಗಿಯಲ್ಲ. ಗಂಡ ಕಾಂತು ಪೂಂಜನ ಅನ್ಯಾಯವನ್ನು ಒಪ್ಪದೆ ಅವನನ್ನು ತೊರೆದು ಮರುಮದುವೆಯಾದವಳು. ಆಲಡೆಯಲ್ಲಿ ಆವೇಶಗೊಂಡ ಹೆಣ್ಣು ಈ ಕಥನದ ಪಾತ್ರವೊಂದಾಗಿ ನುಡಿಯುತ್ತಾಳೆ, ಕುಮಾರ ಪ್ರಶ್ನಿಸುತ್ತಾನೆ, ಮನೆಯವರು ನಿಂತು ಕೇಳಬೇಕಾಗುತ್ತದೆ. ಒಬ್ಬಳ ದೇಹದಲ್ಲಿ ಹುದುಗಿದ್ದ ನೋವು ಹೀಗೆ ಕುಟುಂಬದ ವ್ಯಾಜ್ಯವಾಗುತ್ತದೆ. ಮಾತಿಲ್ಲದ ಸಂಕಟಕ್ಕೆ ಮಾತನ್ನೂ ಕೇಳುಗರನ್ನೂ ಒದಗಿಸುವಲ್ಲಿಯೇ ಕಲೆಯ ಆರೋಗ್ಯಕಾರಿ ಶಕ್ತಿಯಿದೆ. ಆದರೂ ಇದನ್ನು ವೈಭವೀಕರಿಸಲಾಗದು. ಜಾತ್ರೆ ಮುಗಿದ ಮೇಲೆ ಆಕೆ ಮರಳುವುದು ಅದೇ ಮನೆಗೆ. ವೈದ್ಯಕೀಯ ನೆರವು ಬೇಕಾದವಳಿಗೆ ಆಚರಣೆಯು ಪರ್ಯಾಯವೂ ಆಗಲಾರದು. ಆದ್ದರಿಂದ ‘ಹೆಣ್ಣು ಗುಣಮುಖಳಾದಳೇ?’ ಎಂಬುದಕ್ಕಿಂತ ‘ಮನೆ ಬದಲಾಯಿತೇ?’ ಎಂಬ ಪ್ರಶ್ನೆಯೇ ನಮ್ಮ ಕ್ಷೇತ್ರಕಾರ್ಯಕ್ಕೆ ಮುಖ್ಯವಾಗಬೇಕು.