ಕಾಣದ ಸಂದು: ಒಂದು ಚೀಟಿಗೆ ವ್ಯಾಖ್ಯಾನ

ಪಾಣೆಮಂಗಳೂರಿನಲ್ಲಿ, ನೇತ್ರಾವತಿ ದಂಡೆಯ ತಗ್ಗಿನ ಮನೆಯೊಂದಕ್ಕೆ ಹಲಸಿನ ಮರದ ಕಪಾಟು ಮಾಡಿಸುವುದಿದ್ದರೆ ಆಚಾರಿಗೆ ಇಂಥ ಚೀಟಿ ಬರೆದುಕೊಡಬಹುದು. ಆಚಾರಿಗೆ ಇದರ ವಿವರಣೆ ಬೇಡ, ಮಾಡಿಸುವವರಿಗೆ ಬೇಕು.

“ಆಚಾರ್ರೇ, ಹಲಗೆಯ ಅಡಿಗೆ ಪಟ್ಟಿ ಹೊಡೆಯುವುದು ಬೇಡ.”

ಎರಡೂ ಪಕ್ಕಕ್ಕೆ ಪಟ್ಟಿ ಹೊಡೆದು ಅದರ ಮೇಲೆ ಹಲಗೆ ಇಡುವುದು ಸುಲಭ, ಭಾರವನ್ನೂ ತಡೆಯುತ್ತದೆ. ಪಟ್ಟಿ ಕಣ್ಣಿಗೆ ಬೀಳುತ್ತದೆ ಎಂಬುದು ಸಣ್ಣ ತಕರಾರು. ದೊಡ್ಡದು ನಮ್ಮ ಮಳೆಯದ್ದು. ಮರ ನಾರಿನ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗುವುದೆಲ್ಲ ಅಗಲಕ್ಕೆ. ಪಕ್ಕದ ಹಲಗೆಯ ನಾರು ಮೇಲಿಂದ ಕೆಳಕ್ಕೆ, ಪಟ್ಟಿಯ ನಾರು ಮುಂದಿನಿಂದ ಹಿಂದಕ್ಕೆ. ಆಟಿ ತಿಂಗಳ ಮಳೆಯ ತೇವಕ್ಕೆ ಪಕ್ಕದ ಹಲಗೆ ಅಗಲವಾಗುತ್ತದೆ, ಮಾರ್ಚ್ ಬಿಸಿಲಿಗೆ ಕುಗ್ಗುತ್ತದೆ. ಪಟ್ಟಿ ಮಾತ್ರ ಕದಲುವುದಿಲ್ಲ. ಈ ಜಗ್ಗಾಟದಲ್ಲಿ ಮೊಳೆ ಸಡಿಲಾಗುತ್ತದೆ, ಇಲ್ಲವೆ ಪಕ್ಕದ ಹಲಗೆ ಸೀಳುತ್ತದೆ.

“ಪಕ್ಕದಲ್ಲಿ ಅಡ್ಡಕ್ಕೆ ಗ್ರೂವ್ ತೆಗೆದು ಹಲಗೆ ಕೂರಿಸಿ. ಆಳ ದಪ್ಪದ ಮೂರರಲ್ಲೊಂದು.”

ಪಕ್ಕದ ಹಲಗೆ 18 ಮಿಲಿಮೀಟರ್ ದಪ್ಪವಿದ್ದರೆ ಗ್ರೂವ್ 6 ಮಿಲಿಮೀಟರ್ ಆಳ. ಅದಕ್ಕಿಂತ ಇಳಿದರೆ ಪಕ್ಕವೇ ಬಲ ಕಳೆದುಕೊಳ್ಳುತ್ತದೆ. ಇಷ್ಟು ತೆಳುವಾದ ಮೆಟ್ಟಿಲು ಸಾಕೇ ಎಂದು ಕೇಳುವವರಿದ್ದಾರೆ. ಸಾಕು. ಪಾತ್ರೆಯ, ಪುಸ್ತಕದ ಭಾರ ಬೀಳುವುದು ಗ್ರೂವಿನ ಕೆಳ ಅಂಚಿನ ಮರದ ಮೇಲೆ, ಅಂಟಿನ ಮೇಲಲ್ಲ. ಹಲಗೆಯ ತುದಿಯಲ್ಲಿ ನಾರು ಕಡಿದಿರುತ್ತದೆ, ಅಂಟನ್ನು ಹೀರಿಕೊಳ್ಳುತ್ತದೆ. ಅಲ್ಲಿ ಫೆವಿಕಾಲನ್ನು ನಂಬಿ ಭಾರ ಹೊರಿಸುವಂತಿಲ್ಲ. ಇನ್ನೊಂದು ಲಾಭವೂ ಇದೆ. ಪಕ್ಕದ ಹಲಗೆಗೂ ಅಡ್ಡಹಲಗೆಗೂ ಅಗಲವೆಂದರೆ ಮುಂದಿನಿಂದ ಹಿಂದಕ್ಕೆ. ಮಳೆಗಾಲದಲ್ಲಿ ಎರಡೂ ಒಟ್ಟಿಗೆ ಹಿಗ್ಗುತ್ತವೆ, ಜಗಳವಿಲ್ಲ.

ಪ್ಲೈವುಡ್ಡಿನಲ್ಲಿ ಮಾಡಿಸುವವರಿಗೆ ಒಂದು ಮಾತು: 18 ಎಂದು ಮಾರುವ ಹಾಳೆ ಎಷ್ಟೋ ಸಲ 18 ಇರುವುದಿಲ್ಲ. ಹಾಳೆ ಕೈಗೆ ಬಂದ ಮೇಲೆ ಅಳೆದೇ ಗ್ರೂವ್ ತೆಗೆಸಿ. ಐಎಸ್ 710 ಗುರುತಿನ ಮರೈನ್ ಪ್ಲೈ ಆದರೆ ಈ ಊರಿನ ತೇವಕ್ಕೆ ಒಳ್ಳೆಯದು.

“ಗ್ರೂವ್ ಮುಂದಿನ ಅಂಚಿಗೆ ಬರಬಾರದು.”

ಅರ್ಧ ಇಂಚು ಮೊದಲೇ ನಿಲ್ಲಬೇಕು. ಹಲಗೆಯ ಮುಂದಿನ ಮೂಲೆಯಲ್ಲಿ ಅಷ್ಟನ್ನೇ ಕಡಿದರೆ ಎದುರಿನಿಂದ ಸಂದು ಕಾಣುವುದೇ ಇಲ್ಲ.

“ನಡುವಿನ ಒಂದು ಹಲಗೆಗೆ ಡವ್‌ಟೇಲ್.”

ನೇರ ಗ್ರೂವಿಗೆ ಒಂದು ದೌರ್ಬಲ್ಯವಿದೆ: ಭಾರ ಹೊರುತ್ತದೆ, ಆದರೆ ಪಕ್ಕದ ಹಲಗೆಗಳು ಹೊರಗೆ ಬಾಗಿದರೆ ಹಿಡಿದಿಡುವುದಿಲ್ಲ. ಆಳೆತ್ತರದ ಕಪಾಟಿನಲ್ಲಿ ನಡುಭಾಗ ಬಾಗುವುದು ಸಾಮಾನ್ಯ. ಒಳಗೆ ಅಗಲ, ಬಾಯಲ್ಲಿ ಕಿರಿದಾದ ಗ್ರೂವಿಗೆ ಅದೇ ಆಕಾರದ ತುದಿಯನ್ನು ಹಿಂದಿನಿಂದ ತೂರಿಸಿದರೆ ಮರವೇ ಮರವನ್ನು ಕಚ್ಚುತ್ತದೆ. ಅಂಟು ಮುಂದಿನ ಎರಡು ಮೂರು ಇಂಚಿಗಷ್ಟೇ. ಪೂರ್ತಿ ಹಚ್ಚಿದರೆ ತೂರಿಸುವಾಗಲೇ ಮರ ಉಬ್ಬಿ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಎಲ್ಲ ಹಲಗೆಗೂ ಇದನ್ನೇ ಕೇಳುವುದು ಆಚಾರಿಯ ಸಮಯವನ್ನೂ ನಮ್ಮ ಹಣವನ್ನೂ ದಂಡ ಮಾಡಿದಂತೆ.

“ಎರಡು ಅಡಿಗಿಂತ ಉದ್ದವಾದರೆ ನಡುವೆ ಆಸರೆ ಕೊಡಿ.”

ಸಂದು ಎಷ್ಟೇ ಗಟ್ಟಿಯಿರಲಿ, ಹಲಗೆ ಬಾಗುವುದು ನಡುವಿನಲ್ಲಿ. ಉದ್ದಕ್ಕೂ ಒಂದೇ ಸಮ ಪುಸ್ತಕ ತುಂಬಿದರೆ, ಎರಡು ಅಡಿಯನ್ನು ಮೂರಕ್ಕೆ ಏರಿಸಿದ ಮಾತ್ರಕ್ಕೆ ಬಾಗು ಐದು ಪಟ್ಟಾಗುತ್ತದೆ.

“ಎಲ್ಲಕ್ಕಿಂತ ಕೆಳಗಿನ ಹಲಗೆಗೆ ಅಂಟು ಹಚ್ಚಬೇಡಿ.”

1923ರ ಮಾರಿಬೊಳ್ಳವೆಂಬ ಮಹಾನೆರೆ, 1974ರ ನೆರೆ ಕಂಡ ಹೊಳೆಬದಿ ಇದು. ನೀರು ಬಂದರೆ ಮೊದಲು ನೆನೆಯುವುದು ಈ ಹಲಗೆ. ಅಂಟಿಲ್ಲದಿದ್ದರೆ ಇದೊಂದನ್ನೇ ಹೊರಗೆಳೆದು ಒಣಗಿಸಬಹುದು, ಇಲ್ಲವೆ ಬದಲಿಸಬಹುದು. ಗ್ರೂವ್ ಮುಂದೆ ಮುಚ್ಚಿರುವುದರಿಂದ ಹಲಗೆಯನ್ನು ಹಿಂದಿನಿಂದಲೇ ಎಳೆಯಬೇಕು. ಹಾಗಾಗಿ ಕಪಾಟಿನ ಬೆನ್ನಿಗೆ ಮೊಳೆ ಬೇಡ, ಹಿತ್ತಾಳೆಯ ಸ್ಕ್ರೂ ಇರಲಿ. ಕಬ್ಬಿಣದ್ದು ಬಿಚ್ಚುವ ಹೊತ್ತಿಗೆ ತುಕ್ಕು ಹಿಡಿದು ತಲೆ ಸವೆದಿರುತ್ತದೆ.